ಅಮ್ಮನಿಗೆ ಗೊತ್ತಿದ್ದ ಚಾಮರಾಜಪೇಟೆ

ಹೋದ ತಿಂಗಳು ಚಾಮರಾಜಪೇಟೆಯ ಒಂದು ಹಿಂದಿನ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದಾಗ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿ, "ಆಂಟಿ, ಒಂದು ಫೋಟೊ ತೆಗೀತೀರಾ ಪ್ಲೀಸ್?" ಎಂದು ಮೊಬೈಲು ಕೈಗೆ ಕೊಟ್ಟಳು. ಅವಳ ಹಿಂದೆ ಗೋಡೆಯ ತುಂಬ ನವಿಲು, ಕಮಲ, ಹಳೆಯ ಕಾಲದ ಸೈಕಲ್ಲಿನ ಚಿತ್ರ. ಕಾಲಡಿಗೆ ಒಪ್ಪವಾಗಿ ಕೂರಿಸಿದ ಕಲ್ಲುಹಾಸು. ಎರಡು ತುದಿಗಳಲ್ಲೂ ಗಾಡಿಗಳು ನುಗ್ಗದಂತೆ ಕಬ್ಬಿಣದ ಕಂಬಗಳು. ಫೋಟೊ ತೆಗೆದುಕೊಟ್ಟೆ, ಅವಳು ಥ್ಯಾಂಕ್ಸ್ ಹೇಳಿ ಹೋದಳು. ಬೆಳಿಗ್ಗೆ ಗುಡಿಸಿದವರು ಮೋರಿಯ ಅಂಚಿಗೆ ಬ್ಲೀಚಿಂಗ್ ಪೌಡರು ಉದುರಿಸಿ ಹೋಗಿದ್ದರು. ಆಗಷ್ಟೇ ನಾಲ್ಕು ಹನಿ ಮಳೆ ಬಿದ್ದು ಅದರ ವಾಸನೆ ಎದ್ದಿತ್ತು. ಅದು ಮೂಗಿಗೆ ಬಡಿದದ್ದೇ ನಾನು ಗೋಡೆಗೆ ಕೈಯೂರಿ ನಿಂತುಬಿಟ್ಟೆ. ಎಂಟು ವರ್ಷದ ಹಿಂದೆ ಒಂದು ಇಡೀ ಬೇಸಿಗೆ, ಅದರ ಬೆನ್ನಿಗೇ ಬಂದ ಮಳೆಗಾಲ, ದಿನವೂ ಈ ವಾಸನೆಯಲ್ಲೇ ಕೆಲಸ ಮಾಡಿದ್ದೆ.

ಆಗ ನಾನು ನಗರ ಯೋಜನೆಯ ಕೆಲಸ ಮಾಡುವ ಒಂದು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. ಹೆಂಗಸು ಬಂದು ಕೂತರೂ ಹೆಸರು ಬದಲಾಗಿರಲಿಲ್ಲ. ಓಕಳಿಪುರದಲ್ಲಿ, ರೈಲು ಹಳಿಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಅಮ್ಮ ಇದ್ದೆವು. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು, ನಿವೃತ್ತಿಯಾದ ಎರಡನೇ ವರ್ಷಕ್ಕೆ ತೀರಿಹೋಗಿದ್ದರು. ಅಮ್ಮ ಒಂದು ಶಾಲೆಯಲ್ಲಿ ಆಯಾ ಆಗಿ ದುಡಿದು ನನ್ನನ್ನು ಡಿಪ್ಲೊಮಾ ಓದಿಸಿದ್ದಳು.

ಆ ವರ್ಷ ಯುಗಾದಿ ಮುಗಿದ ವಾರವೇ ನಮ್ಮ ಕಚೇರಿಗೆ ಹೊಸ ಕೆಲಸ ಬಂತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಕನ್ಸರ್ವೆನ್ಸಿ ಗಲ್ಲಿಗಳನ್ನೆಲ್ಲ ಅಳೆದು ನಕ್ಷೆ ಮಾಡಬೇಕು. ಈ ಬಡಾವಣೆಗಳಲ್ಲಿ ಓಡಾಡಿದವರು ಆ ಗಲ್ಲಿಗಳನ್ನು ನೋಡಿರುತ್ತಾರೆ, ಆದರೆ ಅವು ಯಾಕಿವೆ ಎಂದು ಯೋಚಿಸಿರುವುದಿಲ್ಲ. ಮೂರು ಬಡಾವಣೆಗಳೂ ತಾವಾಗಿ ಬೆಳೆದವಲ್ಲ, ಮೊದಲು ಕಾಗದದ ಮೇಲೆ ಗೆರೆ ಎಳೆದು ಆಮೇಲೆ ನೆಲದ ಮೇಲೆ ಕಟ್ಟಿದವು. ಮುಂದೆ ಅಗಲದ ರಸ್ತೆ, ಸಾಲುಮರ, ಜಗಲಿಯಿರುವ ಮನೆಗಳು. ಎರಡು ಸಾಲು ಮನೆಗಳ ಬೆನ್ನು ಎದುರಾಗುವಲ್ಲಿ ಒಂದು ಕೈಗಾಡಿ ಹೋಗುವಷ್ಟು ಅಗಲದ ಓಣಿ. ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಮನೆಯ ಕಕ್ಕಸಿನಿಂದ ಮಲ ಎತ್ತುವವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಎಂದು ಬಿಟ್ಟ ದಾರಿ ಅದು. ಒಳಚರಂಡಿ ಬಂದ ಮೇಲೆ ದಾರಿಗೆ ಕೆಲಸವಿಲ್ಲವಾಯಿತು. ಕಸ ಬಿತ್ತು, ಇಲಿ ಸೇರಿತು. ಅಕ್ಕಪಕ್ಕದವರು ಒಂದೊಂದು ಗೋಡೆ ಮುಂದೆ ತಂದು ಬಚ್ಚಲು, ಜನರೇಟರ್ ಕೋಣೆ, ಗೋದಾಮು ಕಟ್ಟಿಕೊಂಡರು.

ಅಷ್ಟು ಹೊತ್ತಿಗೆ ಊರು ಬೆಳೆದು ಮುಂದಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮನೆಯಿದ್ದ ಸೈಟಿನಲ್ಲಿ ನಾಲ್ಕಂತಸ್ತು ಎದ್ದು, ಎಂಟು ಕಾರು, ಹತ್ತು ಸ್ಕೂಟರು ರಸ್ತೆಗೆ ಬಂದಿದ್ದವು. ಶಾಲೆಗೆ ಹೋಗುವ ಮಕ್ಕಳು ಬಸ್ಸಿನ ಚಕ್ರದ ಪಕ್ಕದಲ್ಲೇ ನಡೆಯಬೇಕಿತ್ತು. ಆಗ ಯೋಜನೆ ಮಾಡುವವರಿಗೆ ಹಿಂದಿನ ಗಲ್ಲಿಗಳ ನೆನಪಾಯಿತು. ಅವನ್ನು ತೆರವು ಮಾಡಿ ನಡೆಯುವವರಿಗೆ ಬಿಡಬೇಕು ಎನ್ನುವುದು ಯೋಚನೆ. ಒಳ್ಳೆಯ ಯೋಚನೆ. ಈಗಲೂ ಅದನ್ನೇ ಹೇಳುತ್ತೇನೆ.

ಏಪ್ರಿಲ್ ಬಿಸಿಲಿನಲ್ಲಿ ಚಾಮರಾಜಪೇಟೆಯಿಂದ ಶುರುಮಾಡಿದೆವು. ಉಪಕರಣ ಹಿಡಿಯುವ ಇಬ್ಬರು ಮುಂದೆ ಹೋಗುತ್ತಿದ್ದರು, ಹಾಳೆ ಹಿಡಿದು ಗುರುತು ಹಾಕಿಕೊಳ್ಳುತ್ತ ನಾನು ಹಿಂದೆ. ಗಲ್ಲಿಯೊಳಗೆ ಗಾಳಿ ಆಡುತ್ತಿರಲಿಲ್ಲ. ಗೋಡೆಯ ಬಿಸಿ ಎರಡೂ ಕಡೆಯಿಂದ ಮೈಗೆ ತಾಗುತ್ತಿತ್ತು. ಬೆಳಗಿನ ಪಾಳಿಯವರು ಉದುರಿಸಿದ ಬ್ಲೀಚಿಂಗ್ ಪೌಡರು ಸೀರೆಯ ಅಂಚಿಗೆ ಹತ್ತುತ್ತಿತ್ತು. ಎರಡನೇ ದಿನ ಒಂದು ಹಳೆಯ ಮನೆಯ ಹಿತ್ತಲ ಬಾಗಿಲು ತೆರೆದು ಎಂಬತ್ತು ದಾಟಿದ ಹೆಂಗಸೊಬ್ಬರು ಇಣುಕಿದರು. ಸರೋಜಮ್ಮ ಎಂದು ಹೆಸರು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಅದೇ ಮನೆಯಲ್ಲಿದ್ದರು. ಅವರ ಮನೆಯ ಪಾತ್ರೆ ತೊಳೆಯುವ ಕೋಣೆ ನಾಲ್ಕಡಿ ಗಲ್ಲಿಯೊಳಗೆ ಬಂದಿತ್ತು.

"ಇಷ್ಟು ಬಿಸಿಲಲ್ಲಿ ಹೆಣ್ಣುಮಗೂನ ನಿಲ್ಸಿದಾರಲ್ಲಪ್ಪ. ಬಾಮ್ಮ, ನೀರು ಕುಡಿ" ಎಂದು ಸ್ಟೀಲು ಲೋಟದಲ್ಲಿ ನೀರು ತಂದುಕೊಟ್ಟರು. "ಯಾವ ಕಡೆಯೋರಮ್ಮ ನೀವು?"

"ಓಕಳಿಪುರ."

"ಅಲ್ಲ, ಮೂಲ ಯಾವ ಕಡೆ? ಯಾವ ಜನ?"

"ನಮ್ಮ ತಂದೆ ರೈಲ್ವೇಲಿ ಇದ್ದರು" ಎಂದು ಹೇಳಿ ಹಾಳೆಯ ಕಡೆ ನೋಡಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಗೆ ನಾನು ರೂಢಿಮಾಡಿಕೊಂಡಿದ್ದ ಉತ್ತರ ಅದು. ಕಚೇರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಿಜಯಾ, ದಿನವೂ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದವಳು, ಅವಳಿಗೂ ಅಷ್ಟೇ ಗೊತ್ತಿತ್ತು.

ಗಲ್ಲಿಯ ಕೊನೆಯಲ್ಲಿ ಆರು ಮನೆಗಳ ಒಂದು ಸಾಲಿತ್ತು. ಮನೆಯೆಂದರೆ ಒಂದೊಂದೇ ಕೋಣೆ. ಕೆಲವಕ್ಕೆ ಹೆಂಚು, ಕೆಲವಕ್ಕೆ ತಗಡು. ಮುಂದೆ ಒಂದು ನಲ್ಲಿ. ಮೂರನೇ ಮನೆಯ ಗೌರಮ್ಮ ರಸ್ತೆ ಗುಡಿಸುವ ಪಾಳಿ ಮುಗಿಸಿ, ಹಸಿರು ಕೋಟನ್ನು ಇನ್ನೂ ಬಿಚ್ಚದೆ ಹೊಸ್ತಿಲಲ್ಲಿ ಕೂತಿದ್ದರು. "ಅಳೀರಿ, ಅಳೀರಿ. ನಮ್ಮತ್ತೆ ಕಾಲ್ದಿಂದ ಅಳೀತಾನೇ ಇದಾರೆ" ಎಂದರು. ಒಳಗೆ ಅವರ ಮಗಳು ಭವ್ಯ ಪುಸ್ತಕ ಹಿಡಿದು ಕೂತಿದ್ದಳು. ಬಿ.ಕಾಂ. ಕೊನೆಯ ವರ್ಷ. ನನ್ನನ್ನು ನೋಡಿ ಬಾಗಿಲನ್ನು ಅರ್ಧ ಮುಚ್ಚಿಕೊಂಡಳು.

ಆ ದಿನ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಎಲ್ಲಿಂದ ಬರ್ತಿದೀಯ? ಪೌಡರ್ ವಾಸ್ನೆ ಹೊಡೀತಿದೆ."

"ಚಾಮರಾಜಪೇಟೆ. ಕನ್ಸರ್ವೆನ್ಸಿ ಸರ್ವೆ ಅಂದಿದ್ನಲ್ಲ."

ಅವಳು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದಳು. ಮತ್ತೆ ಮುರಿದಳು. ಊಟವಾಯಿತು. ತಟ್ಟೆ ಎತ್ತುವಾಗ, ನನ್ನ ಮುಖ ನೋಡದೆ, "ಅಲ್ಲಿ ನಾನು ನಡ್ದಿದೀನಿ" ಎಂದಳು.

ನಮ್ಮಜ್ಜಿ ಕೆಲಸಕ್ಕೆ ಹೋಗುತ್ತಿದ್ದಳು ಎನ್ನುವುದು ನನಗೆ ಗೊತ್ತಿತ್ತು. ಏನು ಕೆಲಸ ಎನ್ನುವುದೂ ಗೊತ್ತಿತ್ತು, ಯಾರೂ ಹೇಳದಿದ್ದರೂ. ನಮ್ಮ ಮನೆಯಲ್ಲಿ ಅದು 'ಪೇಟೆ ಕಡೆ ಕೆಲಸ', ಅಷ್ಟೇ. ಗೋಡೆಯ ಮೇಲೆ ಬುದ್ಧನ ಪಟ ಬಂದ ಮೇಲೆ ಅಪ್ಪ ಹಿಂದಿನ ಮಾತುಗಳಿಗೆಲ್ಲ ಬಾಗಿಲು ಹಾಕಿದ್ದರು. ಅಮ್ಮನೂ ಆ ಕೆಲಸಕ್ಕೆ ಹೋಗಿದ್ದಳು ಎನ್ನುವುದು ಮಾತ್ರ ನನಗೆ ಅಂದೇ ತಿಳಿದದ್ದು. ಎಂಟನೇ ವಯಸ್ಸಿನಿಂದ ಹನ್ನೆರಡರವರೆಗೆ. ಅಜ್ಜಿ ಡಬ್ಬ ತೆಗೆದು ಗಾಡಿಗೆ ಸುರಿದರೆ ಅಮ್ಮ ಬೂದಿ ಎರಚಿ, ನೀರು ಹಾಕಿ, ಪೊರಕೆಯಲ್ಲಿ ತೊಳೆಯಬೇಕಿತ್ತು.

"ನೀನ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಕೇಳ್ಲಿಲ್ಲ" ಎಂದಳು.

ಮೇ ತಿಂಗಳ ಕೊನೆಗೆ ಚಾಮರಾಜಪೇಟೆಯ ಅಳತೆ ಮುಗಿದು ಬಣ್ಣ ಹಾಕುವ ಕೆಲಸ ಬಂತು. ಗಲ್ಲಿಯೊಳಗಿರುವ ಪ್ರತಿಯೊಂದು ಕಟ್ಟಡಕ್ಕೂ ಎರಡರಲ್ಲಿ ಒಂದು ಬಣ್ಣ. ಹಳದಿ ಎಂದರೆ ಮಾಲೀಕರು ಹಿಂದೆ ಸರಿಸಿಕೊಂಡರೆ ಸಾಕು. ಕೆಂಪು ಎಂದರೆ ಪೂರ್ತಿ ತೆರವು. ಸರೋಜಮ್ಮನವರ ಪಾತ್ರೆ ಕೋಣೆಗೆ, ಇನ್ನೊಬ್ಬರ ಗೋದಾಮಿಗೆ, ಮತ್ತೊಬ್ಬರ ಜನರೇಟರಿಗೆ ಹಳದಿ. ಆರು ಮನೆಗಳ ಸಾಲಿಗೆ ಕೆಂಪು. ಹಾಳೆ ತೆಗೆದುಕೊಂಡು ನಮ್ಮ ಎಂಜಿನಿಯರ್ ಪ್ರಭಾಕರ್ ಸಾರ್ ಹತ್ತಿರ ಹೋದೆ.

"ಸಾರ್, ಎರಡೂ ಗಲ್ಲಿ ಜಾಗದಲ್ಲೇ ಇದೆ. ಇದು ಹಳದಿ, ಅದು ಕೆಂಪು ಹೇಗೆ?"

ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದಿಟ್ಟು ನಿಧಾನವಾಗಿ ಹೇಳಿದರು. "ಮಂಜುಳಾ, ಇವರ ಹತ್ರ ಸೈಟಿನ ಪತ್ರ ಇದೆ. ನಾಲ್ಕಡಿ ಮುಂದೆ ಬಂದಿದಾರೆ, ಹಿಂದೆ ಹೋಗಿ ಅಂದ್ರೆ ಹೋಗ್ತಾರೆ. ಆ ಆರು ಮನೆಯೋರ ಹತ್ರ ಏನಿದೆ? ಕರೆಂಟ್ ಬಿಲ್ಲು, ರೇಷನ್ ಕಾರ್ಡು. ಜಾಗ ಅವರದು ಅಂತ ಒಂದು ಕಾಗದ ತೋರ್ಸಿ, ನಾನೇ ಬಣ್ಣ ಬದಲಾಯಿಸ್ತೀನಿ. ಇಲ್ದಿದ್ರೆ ಅವರಿಗೆ ಊರಾಚೆ ಫ್ಲ್ಯಾಟ್ ಕೊಡ್ತಾರೆ. ಅದೇನು ಕೆಟ್ಟದ್ದಲ್ಲ."

ಊರಾಚೆಯ ಫ್ಲ್ಯಾಟಿನ ವಿಚಾರವನ್ನು ಗೌರಮ್ಮನಿಗೆ ನಾನೇ ಹೇಳಬೇಕಾಯಿತು. ಅವರು ಅಳಲಿಲ್ಲ, ಕೂಗಾಡಲಿಲ್ಲ. "ಬೆಳಿಗ್ಗೆ ಆರು ಗಂಟೆಗೆ ಹಾಜರಿ ಮೇಡಂ. ಅಲ್ಲಿಂದ ಎಷ್ಟೊತ್ತಿಗೆ ಎದ್ದು ಬರ್ಲಿ? ಆ ಹೊತ್ತಲ್ಲಿ ಬಸ್ಸಿದ್ಯಾ?" ಎಂದಷ್ಟೇ ಕೇಳಿದರು. ಊರನ್ನು ಗುಡಿಸುವವರು ಊರಿನಿಂದ ಎಷ್ಟು ದೂರ ಇರಬಹುದು ಎನ್ನುವುದಕ್ಕೆ ನಮ್ಮ ಹಾಳೆಯಲ್ಲಿ ಒಂದು ಅಂಕಣವೂ ಇರಲಿಲ್ಲ.

ರಾತ್ರಿ ಮನೆಯಲ್ಲಿ ಅದನ್ನು ನನ್ನಿಂದ ಕೇಳಿದ ಅಮ್ಮ, "ನನ್ನೊಂದ್ಸಲ ಅಲ್ಲಿಗೆ ಕರ್ಕೊಂಡ್ಹೋಗು" ಎಂದಳು.

ಭಾನುವಾರ ಬೆಳಿಗ್ಗೆ ಹೋದೆವು. ಹಿಂದಿನ ಸಂಜೆ ಆಲಿಕಲ್ಲು ಮಳೆಯಾಗಿ ರಸ್ತೆಯ ತುಂಬ ಹೊಂಗೆ ಎಲೆ ಉದುರಿತ್ತು. ಬಸ್ಸಿಳಿದು ಮುಂದಿನ ರಸ್ತೆಯಲ್ಲಿ ನಡೆಯುವಾಗ ಅಮ್ಮ ಎಡಕ್ಕೂ ಬಲಕ್ಕೂ ನೋಡುತ್ತ ನಿಂತಳು. ಸುಮಾರು ದೂರ ಹೋಗಿ ಮತ್ತೆ ನಿಂತಳು. "ಇದಲ್ಲ ಕಣೆ. ನೀನು ಬೇರೆ ಕಡೆ ಕರ್ಕೊಂಬಂದಿದೀಯ."

"ಇದೇ ಅಮ್ಮ."

"ಅಲ್ಲ. ನಂಗೆ ಯಾವ್ದೂ ಗುರ್ತೇ ಸಿಗ್ತಿಲ್ಲ."

ಕೈ ಹಿಡಿದು ಮೂಲೆ ತಿರುಗಿಸಿ ಗಲ್ಲಿಯೊಳಗೆ ಕರೆದೊಯ್ದೆ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಅಮ್ಮ ನನ್ನ ಕೈ ಬಿಟ್ಟಳು. ತಾನೇ ಮುಂದೆ ನಡೆದಳು. ಗೋಡೆಗಳೆಲ್ಲ ಬದಲಾಗಿದ್ದವು, ಅರ್ಧ ಮನೆಗಳು ಕೆಡವಿ ಕಟ್ಟಿದವು, ಆದರೂ ಅವಳಿಗೆ ಗೊತ್ತಾಗುತ್ತಿತ್ತು. "ಇದು ನಾಯಿ ಮನೆ. ಇದು ಕೈಗೆ ತಾಗ್ದಂಗೆ ಮೇಲಿಂದ ರೊಟ್ಟಿ ಹಾಕೋರ ಮನೆ. ಇಲ್ಲೊಂದು ಸೀಬೆ ಮರ ಇತ್ತು. ಇದು ಹಸುರು ಬಾಗ್ಲು. ಈ ಮನೆ ಕಕ್ಕಸಿಗೆ ಎರಡು ಮೆಟ್ಲು, ಅವ್ವ ಯಾವಾಗ್ಲೂ ಎಡವೋಳು." ಹಸಿರು ಬಾಗಿಲು ಎಂದು ತೋರಿಸಿದ್ದು ಸರೋಜಮ್ಮನವರ ಹಿತ್ತಲು. ಈಗ ಅಲ್ಲಿ ಕಬ್ಬಿಣದ ಬಾಗಿಲು.

ನನಗೆ ಆಗ ಅರ್ಥವಾಯಿತು. ನಾಲ್ಕು ವರ್ಷ ದಿನವೂ ಬಂದುಹೋದ ಬಡಾವಣೆಯ ಮುಂಭಾಗವನ್ನು ನನ್ನಮ್ಮ ನೋಡಿಯೇ ಇರಲಿಲ್ಲ. ಅವಳಿಗೆ ಗೊತ್ತಿದ್ದ ಚಾಮರಾಜಪೇಟೆಗೆ ಜಗಲಿಯಿರಲಿಲ್ಲ, ರಂಗೋಲಿಯಿರಲಿಲ್ಲ, ಸಾಲುಮರವಿರಲಿಲ್ಲ. ಅದನ್ನೆಲ್ಲ ಅವಳು ನೋಡದ ಹಾಗೆ, ಅವಳನ್ನು ಅದು ನೋಡದ ಹಾಗೆ, ಯಾರೋ ಒಬ್ಬರು ಪಟ್ಟಿ ಇಟ್ಟು ಗೆರೆ ಎಳೆದಿದ್ದರು.

ಆರು ಮನೆಗಳ ಮುಂದೆ ಬಂದಾಗ ಅಮ್ಮ ನಲ್ಲಿಯ ಕಟ್ಟೆಯ ಮೇಲೆ ಕೂತಳು. "ಲೈನು" ಎಂದಳು. "ಲೈನ್ ಮನೆ ಅಂತಿದ್ವಿ. ನಮ್ಮ ಚಿಕ್ಕವ್ವ ಈ ಕೊನೇದ್ರಲ್ಲಿದ್ಲು."

ಗೌರಮ್ಮ ಹೊರಗೆ ಬಂದರು. "ಚಿಕ್ಕವ್ವ ಅಂದ್ರೆ? ಪುಟ್ಟಮ್ಮಜ್ಜೀನಾ?"

"ಹೂಂ, ಪುಟ್ಟಮ್ಮ."

"ನಮ್ಮತ್ತೆ ಅವರ ಹೆಸ್ರು ಹೇಳೋರು. ನಮ್ಮತ್ತೆ ಹನುಮಕ್ಕ."

"ಹನುಮಕ್ಕ ನಂಗಿಂತ ಎರಡು ವರ್ಷಕ್ಕೆ ದೊಡ್ಡೋಳು. ಈ ನಲ್ಲೀಲೇ ಇಬ್ರೂ ಕೈ ತೊಳ್ಕೊತಿದ್ವಿ" ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಕಟ್ಟಿದ್ದು ಸರ್ಕಾರದೋರೇ ಕಣೆ. ಗಲ್ಲಿ ಮಾಡ್ದಾಗ್ಲೇ ಇದನ್ನೂ ಕಟ್ಟಿದ್ರಂತೆ, ಅವ್ವ ಹೇಳೋಳು. ಯಾರೂ ಬಂದು ಸೇರ್ಕೊಂಡಿದ್ದಲ್ಲ" ಎಂದಳು.

ಮಾರನೇ ದಿನದಿಂದ ಹತ್ತು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಳೆಯ ನಕ್ಷೆಗಳ ಕೋಣೆಯಲ್ಲಿ ಕೂತೆ. ಒಂದೇ ಚಾಮರಾಜಪೇಟೆಯ ಎಷ್ಟು ನಕ್ಷೆಗಳು! ಇತ್ತೀಚಿನದು ಆಕಾಶದಿಂದ ತೆಗೆದ ಚಿತ್ರ. ಅದರಲ್ಲಿ ಗಲ್ಲಿ ತಗಡುಗಳ ನಡುವೆ ಬೂದು ಬಣ್ಣದ ದಾರದ ಹಾಗಿತ್ತು. ಅದಕ್ಕೂ ಹಿಂದಿನದರಲ್ಲಿ ಸೈಟುಗಳನ್ನು ಒಡೆದು ಒಡೆದು ಗೆರೆಗಳು ಇಕ್ಕಟ್ಟಾಗಿದ್ದವು, ಗಲ್ಲಿಗೆ ಹೆಸರೂ ಇರಲಿಲ್ಲ. ಒಳಚರಂಡಿ ಹಾಕಿದ ಕಾಲದ್ದರಲ್ಲಿ ಕೊಳವೆಯ ಗೆರೆಗಳಿದ್ದವು, ಆರು ಮನೆಗಳ ಜಾಗ ಖಾಲಿ ಬಿಟ್ಟಿತ್ತು. ಕೆಲಸ ಮುಗಿದವರನ್ನು ನಕ್ಷೆಯಿಂದ ಬಿಟ್ಟಿದ್ದರು, ನೆಲದಿಂದ ಯಾರೂ ಎಬ್ಬಿಸಿರಲಿಲ್ಲ. ಕೊನೆಗೆ ಎಲ್ಲಕ್ಕಿಂತ ಹಳೆಯದು, ಬಟ್ಟೆಗೆ ಅಂಟಿಸಿದ ಹಾಳೆ, ಒಂದು ಕಬ್ಬಿಣದ ಕೊಳವೆಯಲ್ಲಿ ಸಿಕ್ಕಿತು. ಬರೆದವನ ಕೈ ಎಷ್ಟು ಚೆನ್ನಾಗಿತ್ತೆಂದರೆ ನಾನು ಸ್ವಲ್ಪ ಹೊತ್ತು ಹುಡುಕುವುದನ್ನೇ ಮರೆತೆ. ರಸ್ತೆಬದಿಯ ಒಂದೊಂದು ಮರಕ್ಕೂ ಒಂದೊಂದು ದುಂಡು ಚುಕ್ಕೆ. ಒಂದೇ ದಪ್ಪದ ಮಸಿಗೆರೆ. ಹಿಂದಿನ ಗಲ್ಲಿಯ ತುದಿಯಲ್ಲಿ ಸಣ್ಣದೊಂದು ಆಯತ, ಅದರೊಳಗೆ ಆರು ಭಾಗ. ಪಕ್ಕದಲ್ಲಿ ಸುಂದರವಾದ ಇಂಗ್ಲಿಷ್ ಅಕ್ಷರದಲ್ಲಿ 'ಸ್ವೀಪರ್ಸ್ ಲೈನ್ಸ್' ಎಂದು ಬರೆದಿತ್ತು.

ಆ ಕೈಯನ್ನು ಮೆಚ್ಚಬೇಕೋ ಶಪಿಸಬೇಕೋ ತಿಳಿಯಲಿಲ್ಲ. ನಮ್ಮವರನ್ನು ಬೆನ್ನ ಹಿಂದೆ ಇಟ್ಟವನೂ ಅವನೇ. ಅಲ್ಲಿ ಅವರಿಗೆ ಜಾಗವುಂಟು ಎಂದು ಮಸಿಯಲ್ಲಿ ಬರೆದಿಟ್ಟವನೂ ಅವನೇ.

ಪ್ರಭಾಕರ್ ಸಾರ್ ನಕ್ಷೆಯನ್ನು ತುಂಬ ಹೊತ್ತು ನೋಡಿದರು. "ಇದನ್ನ ಟ್ರೇಸ್ ಮಾಡಿ ವರದಿಗೆ ಸೇರ್ಸಿ. ಆದ್ರೆ ಇಷ್ಟೇ ಸಾಕಾಗಲ್ಲ. ಆಗ ಇದ್ದೋರ ಮನೆಯವರೇ ಈಗಲೂ ಇದಾರೆ ಅಂತ ಜನರ ಸಭೆಯಲ್ಲಿ ಯಾರಾದ್ರೂ ಹೇಳ್ಬೇಕು. ಇಲ್ದಿದ್ರೆ ಮಾಲೀಕರು ಒಪ್ಪಲ್ಲ" ಎಂದರು.

ಟ್ರೇಸಿಂಗ್ ಹಾಳೆ ಹಿಡಿದು ಖುಷಿಯಿಂದ ಗಲ್ಲಿಗೆ ಹೋದೆ. ಗೌರಮ್ಮ ಕೈಮುಗಿದರು. ಭವ್ಯ ಹಾಳೆಯನ್ನು ಕೈಯಲ್ಲಿ ಹಿಡಿದು ಓದಿದಳು. ಅವಳ ಮುಖ ಗಟ್ಟಿಯಾಯಿತು.

"ಇದನ್ನ ಸಭೇಲಿ ಎಲ್ಲರಿಗೂ ತೋರಿಸ್ತೀರಾ ಅಕ್ಕ?"

"ತೋರಿಸ್ಬೇಕಾಗತ್ತೆ."

"ಕಾಲೇಜಲ್ಲಿ ಅಡ್ರೆಸ್ ಕೇಳಿದ್ರೆ ನಾನು ಮುಂದಿನ ರಸ್ತೆ ಹೆಸರು ಹೇಳ್ತೀನಿ. ಮೂರು ವರ್ಷ ಆಯ್ತು, ಒಬ್ಬ ಫ್ರೆಂಡನ್ನೂ ಮನೆಗೆ ಕರ್ಕೊಂಬಂದಿಲ್ಲ. ಈಗ ಈ ಹೆಸರನ್ನ ದೊಡ್ಡ ಅಕ್ಷರದಲ್ಲಿ ಗೋಡೆ ಮೇಲೆ ಹಾಕ್ತೀರಾ? ಈ ಹೆಸರಿಂದಾನೇ ನಮ್ಮನೆ ಉಳೀಬೇಕಾ?"

"ಲೇ, ಸುಮ್ನಿರೆ" ಎಂದು ಗೌರಮ್ಮ ಗದರಿದರು. "ಹೆಸ್ರು ಏನಾರಾ ಇರ್ಲಿ, ತಲೆ ಮೇಲೆ ಸೂರಿರ್ಲಿ."

ಭವ್ಯ ಸುಮ್ಮನಿರಲಿಲ್ಲ. "ನಿಮ್ಮ ಮನೆ ಆಗಿದ್ರೆ ನೀವು ಹಾಕ್ತಿದ್ರಾ ಅಕ್ಕ? ನಿಜ ಹೇಳಿ."

ನಾನು ನಿಜ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಹಾಳೆ ಸುತ್ತಿಕೊಂಡು ಎದ್ದು ಬಂದೆ. ಅವಳ ಅಮ್ಮನ ಜೊತೆ ನಲ್ಲಿಕಟ್ಟೆಯ ಮೇಲೆ ಕೂತು ಮಾತಾಡಿದವಳು ನನ್ನಮ್ಮ ಎನ್ನುವುದು ಅವಳಿಗೆ ಗೊತ್ತಿತ್ತು. ನಾನು ಕಚೇರಿಯಲ್ಲಿ ಅದನ್ನು ಯಾರಿಗೂ ಹೇಳಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಕೇಳಬೇಕಾದದ್ದನ್ನೇ ಕೇಳಿದ್ದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಆ ಮಗು ಹೇಳೋದ್ರಲ್ಲಿ ತಪ್ಪೇನಿದೆ?" ಎಂದಳು. ಮಡಚುತ್ತಿದ್ದ ಬಟ್ಟೆಯನ್ನು ಮಡಚಿ ಮುಗಿಸಿ, "ಸಭೆ ಯಾವತ್ತು?" ಎಂದು ಕೇಳಿದಳು.

ಜುಲೈ ತಿಂಗಳ ಒಂದು ಶನಿವಾರ ಹತ್ತಿರದ ಶಾಲೆಯ ಹಾಲಿನಲ್ಲಿ ಸಭೆ. ಹೊರಗೆ ಜಿಟಿಜಿಟಿ ಮಳೆ. ಮುಂದಿನ ಸಾಲುಗಳಲ್ಲಿ ಮಾಲೀಕರು, ಗೋಡೆಯ ಪಕ್ಕ ನಮ್ಮ ಕಚೇರಿಯವರು, ಕೊನೆಯ ಸಾಲಿನಲ್ಲಿ ಆರು ಮನೆಯವರು. ಅಮ್ಮ ಅವರ ಜೊತೆ ಕೂತಿದ್ದಳು. ನಾನು ವಿಜಯಾಳ ಪಕ್ಕ ನಿಂತಿದ್ದೆ. ಅಮ್ಮ ಬಂದದ್ದನ್ನು ನೋಡಿಯೂ ನಾನು ಅವಳ ಹತ್ತಿರ ಹೋಗಲಿಲ್ಲ. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಹಾಗೆಯೇ ನಡೆಯಿತು.

ಗೋಡೆಯ ಮೇಲೆ ಹಳೆಯ ನಕ್ಷೆ ಮೂಡಿತು. ಪ್ರಭಾಕರ್ ಸಾರ್ ವಿವರಿಸಿದರು. ಮುಂದಿನ ಸಾಲಿನಿಂದ ಒಬ್ಬರು ಎದ್ದರು. "ನಕ್ಷೆ ಸರಿ ಸಾರ್. ನೂರು ವರ್ಷದ ಮೇಲಾಯ್ತು. ಆಗಿದ್ದೋರು ಯಾರೋ, ಈಗಿರೋರು ಯಾರೋ. ಎಲ್ಲಿಂದಲೋ ಬಂದು ಸೇರ್ಕೊಂಡಿರ್ತಾರೆ. ಅವರಿಗೆ ಅಂತ ಬೇರೆ ಜಾಗ ಕೊಡ್ತಿದೀರಲ್ಲ, ಆಮೇಲೇನು?" ಹಲವರು ತಲೆಯಾಡಿಸಿದರು.

ಅಮ್ಮ ಎದ್ದು ನಿಂತಳು. ಮೈಕು ಕೊಡಲು ಯಾರೋ ಹೋದರು, ಬೇಡವೆಂದು ಕೈ ಆಡಿಸಿದಳು.

"ನನ್ ಹೆಸ್ರು ಚಿಕ್ಕತಾಯಮ್ಮ. ನಮ್ಮವ್ವನ ಹೆಸ್ರು ಮುನಿಯಮ್ಮ. ನಿಮ್ಮ ಮನೆಗಳ ಹಿಂದೆ ಕಕ್ಕಸು ಬಳೀತಿದ್ಲು. ನಾನೂ ಬಳ್ದಿದೀನಿ, ಎಂಟು ವರ್ಷದೋಳಿದ್ದಾಗ. ಆ ಕೊನೆ ಮನೇಲಿದ್ದಿದ್ದು ನಮ್ಮ ಚಿಕ್ಕವ್ವ ಪುಟ್ಟಮ್ಮ. ಮೂರನೇದ್ರಲ್ಲಿ ಹನುಮಕ್ಕ, ಈ ಗೌರಮ್ಮನ ಅತ್ತೆ. ಎಲ್ಲಿಂದಲೋ ಬಂದೋರಲ್ಲ ಸ್ವಾಮಿ. ನೀವೇ ಕರೆಸ್ಕೊಂಡಿದ್ದು." ಗೋಡೆಯ ಕಡೆ ಕೈ ತೋರಿಸಿದಳು. "ಅಲ್ಲಿ ನಿಂತಿರೋ ಮಂಜುಳಾ ನನ್ನ ಮಗಳು. ಆ ನಕ್ಷೆ ಹುಡುಕ್ದೋಳು."

ಇಡೀ ಹಾಲು ನನ್ನ ಕಡೆ ತಿರುಗಿತು. ವಿಜಯಾಳ ಪಕ್ಕದಿಂದ ಹೊರಟು, ಸಾಲುಗಳ ನಡುವೆ ನಡೆದು, ಅಮ್ಮನ ಪಕ್ಕ ಹೋಗಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ, ಕೈಯನ್ನು ಮಾತ್ರ ಹಿಡಿದುಕೊಂಡಳು. ಆಚೆ ತುದಿಯಲ್ಲಿ ಭವ್ಯ ತಲೆ ಎತ್ತಿ ಕೂತಿದ್ದಳು.

ಆಗ ಮುಂದಿನ ಸಾಲಿನಲ್ಲಿ ಸರೋಜಮ್ಮ ಏಳಲು ಹೊರಟರು. ಮಗ ತೋಳು ಹಿಡಿದು, "ಅಮ್ಮ, ಕೂತ್ಕೊ" ಎಂದ. ಅವರು ಬಿಡಿಸಿಕೊಂಡು ನಿಂತರು.

"ಇವರು ಹೇಳೋದು ನಿಜ. ನಾನು ಮದುವೆಯಾಗಿ ಈ ಮನೆಗೆ ಬಂದಾಗ್ಲೇ ಅವರು ಅಲ್ಲಿದ್ರು. ಬೆಳಿಗ್ಗೆ ಒಬ್ಬ ಹೆಂಗಸು ಬರೋಳು, ಜೊತೆಗೊಂದು ಹುಡುಗಿ. ನಮ್ಮದು ಹಸಿರು ಬಾಗ್ಲು." ಅಮ್ಮನ ಕಡೆ ತಿರುಗಿದರು. "ಹೆಸರು ಮಾತ್ರ ನಾನು ಯಾವತ್ತೂ ಕೇಳ್ಲಿಲ್ಲ. ಕೇಳ್ಬೇಕು ಅಂತಾನೂ ಅನ್ನಿಸ್ಲಿಲ್ಲ." ಆಮೇಲೆ ಪ್ರಭಾಕರ್ ಸಾರ್ ಕಡೆ ನೋಡಿ, "ಇದನ್ನ ಬರ್ಕೊಳ್ಳಿ ನೀವು. ನಾನು ಸೈನ್ ಹಾಕ್ತೀನಿ" ಎಂದರು.

ಸಭೆ ಮುಗಿದು ಹೊರಗೆ ಬಂದಾಗ ಸರೋಜಮ್ಮ ಕೊಡೆ ಹಿಡಿದು ನಮಗಾಗಿ ಕಾಯುತ್ತಿದ್ದರು. "ಮನೆಗೆ ಬನ್ನಿ ಚಿಕ್ಕತಾಯಮ್ಮ. ಕಾಫಿ ಕುಡ್ಕೊಂಡು ಹೋಗಿ" ಎಂದರು. ಮೂವರೂ ಅವರ ಮನೆಯ ಮುಂದೆ ಬಂದೆವು. ಕಲ್ಲಿನ ಜಗಲಿ, ತಿರುವಿದ ಮರದ ಕಂಬಗಳು, ಮಳೆಗೆ ಅರ್ಧ ಕರಗಿದ ರಂಗೋಲಿ. ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಮುಂದೆ ಇಷ್ಟು ಚೆನ್ನಾಗಿತ್ತಾ!" ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. ಸರೋಜಮ್ಮ ಮತ್ತೆ ಕರೆದರು. "ಇವತ್ತು ಬೇಡಮ್ಮ. ಇನ್ನೊಂದಿನ ಬರ್ತೀನಿ" ಎಂದು ಅಮ್ಮ ಕೈಮುಗಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಆ ಇನ್ನೊಂದು ದಿನ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಸೋಮವಾರ ಪ್ರಭಾಕರ್ ಸಾರ್ ನನ್ನನ್ನು ಕರೆದು, "ಮೊದಲೇ ಹೇಳಬಹುದಿತ್ತಲ್ಲಮ್ಮ" ಎಂದರು. "ಏನನ್ನ ಸಾರ್?" ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಕೂತರು. ವಿಜಯಾ ಎಂದಿನಂತೆ ನಗುನಗುತ್ತಲೇ ಮಾತಾಡಿದಳು. ಆದರೆ ಆ ವಾರದಿಂದ ಅವಳ ಬುತ್ತಿ ಅವಳಿಗಷ್ಟೇ ಆಯಿತು. ಡಾಕ್ಟರು ಪಥ್ಯ ಹೇಳಿದ್ದಾರೆ ಎಂದಳು. ಹದಿನೆಂಟು ವರ್ಷ ನಾನು ಹೆದರಿದ್ದು ಇದಕ್ಕೇ. ಬಂದಾಗ ನೋವಾಯಿತು, ಆದರೆ ಅಂದುಕೊಂಡಷ್ಟು ಅಲ್ಲ. ಒಬ್ಬಳೇ ಕೂತು ಉಂಡರೂ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಆರು ಮನೆಗಳ ಕೆಂಪು ಹೋಯಿತು. ಎಲ್ಲವೂ ನಾವು ಬಯಸಿದಂತೆ ಆಗಲಿಲ್ಲ. ಗಲ್ಲಿಯ ತಿರುವಿಗೆ ಅಡ್ಡವಾಗುತ್ತದೆಂದು ಮೊದಲ ಎರಡು ಮನೆಗಳ ಮುಂಗೋಡೆ ಮೂರಡಿ ಹಿಂದೆ ಹೋಯಿತು. ಅದರಲ್ಲೊಂದು ಮನೆಯವರು ಬೇಸತ್ತು ಊರಾಚೆಯ ಫ್ಲ್ಯಾಟಿಗೇ ಹೋದರು. ಹಳದಿ ಬಿದ್ದವರೂ ಹಿಂದೆ ಸರಿದರು. ಸರೋಜಮ್ಮನವರ ಪಾತ್ರೆ ಕೋಣೆಯನ್ನು ಅವರ ಮಗ ನಿಂತು ಒಡೆಸಿದ.

ದಸರಾ ಮುಗಿದ ಮೇಲೆ ಕೊನೆಯ ನಕ್ಷೆ ಬರೆಯಲು ಕೂತೆ. ಹಳೆಯ ನಕ್ಷೆಯನ್ನು ನಾನು ತಿದ್ದುವ ಹಾಗಿರಲಿಲ್ಲ, ಅದು ಇದ್ದ ಹಾಗೆಯೇ ವರದಿಯ ಕೊನೆಗೆ ಸೇರಿತು. ಹೊಸದರಲ್ಲಿ ಆ ಆಯತದ ಪಕ್ಕ ಏನು ಬರೆಯಬೇಕು ಎನ್ನುವುದು ನನ್ನ ಕೈಯಲ್ಲಿತ್ತು. ಪ್ರಭಾಕರ್ ಸಾರ್, "ಪೌರಕಾರ್ಮಿಕರ ವಸತಿ ಅಂತ ಬರೀರಿ, ಗೌರವವಾಗಿರತ್ತೆ" ಎಂದರು. ನಾನು ಭವ್ಯಳಿಗೆ ಫೋನು ಮಾಡಿದೆ.

"ಮುಂದಿನ ರಸ್ತೆ ಮನೆಗಳಿಗೆ ಏನಂತ ಬರ್ದಿದೀರ ಅಕ್ಕ?" ಎಂದು ಕೇಳಿದಳು.

"ವಾಸದ ಮನೆ ಅಂತ."

"ಅಲ್ಲಿರೋರು ಏನು ಕೆಲಸ ಮಾಡ್ತಾರೆ ಅಂತ ಬರ್ದಿದೀರಾ?"

"ಇಲ್ಲ."

ನಾನು ಪೆನ್ನು ತೆಗೆದುಕೊಂಡು 'ವಾಸದ ಮನೆಗಳು' ಎಂದು ಬರೆದೆ. ಒಂದೊಂದರ ಮೇಲೂ ಬಾಗಿಲ ಸಂಖ್ಯೆ ಹಾಕಿದೆ, ಒಂದರಿಂದ ಆರರವರೆಗೆ. ಆಮೇಲೆ ಫೋನಿನಲ್ಲಿ ಅದನ್ನು ಅವಳಿಗೆ ಓದಿ ಹೇಳಿದೆ.